ಯಾರ ಕಣ್ಣಿಗೆ ಚಿಕಿತ್ಸೆ?

ಕಣ್ಣಿನ ಕೆಲಸವೇನೆಂದು ಕೇಳಿದರೆ, ನೋಡುವುದು ಎಂದು ಮಗುವೂ ಹೇಳೀತು. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಉಂಟು: ನೋಡಿಸಿಕೊಳ್ಳುವುದು. ಒಬ್ಬರ ಎದುರು ನಿಂತು ಮಾತಾಡುವಾಗ ನಾವು ಅವರ ಕಿವಿಯನ್ನೋ ಗಲ್ಲವನ್ನೋ ನೋಡುವುದಿಲ್ಲ; ಕಣ್ಣನ್ನು ನೋಡುತ್ತೇವೆ. ಇವರು ನಂಬತಕ್ಕವರೆ, ಸಿಟ್ಟಾಗಿದ್ದಾರೆಯೆ, ನಮ್ಮ ಮಾತು ಇವರಿಗೆ ಬೇಸರ ತಂದಿತೆ ಎಂಬುದನ್ನೆಲ್ಲ ಅಲ್ಲಿಯೇ ಓದಿಕೊಳ್ಳುತ್ತೇವೆ. ಕಣ್ಣುಗುಡ್ಡೆ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಒಂದೇ ಬಗೆಯ ಗೋಲಿ. ಅದರ ಸುತ್ತಲಿನ ರೆಪ್ಪೆ, ಹುಬ್ಬು, ಅದು ಕುಳಿತಿರುವ ಮೂಳೆಯ ಗೂಡು, ಇವು ಬರೆದ ಬರಹವನ್ನೇ ನಾವು ಓದುವುದು.

ಈ ಬರಹ ಕೆಟ್ಟಾಗ ತಿದ್ದುವ ವೈದ್ಯರಿದ್ದಾರೆ. ರೆಪ್ಪೆ ಮತ್ತು ಕಣ್ಣುಗೂಡಿನ ಶಸ್ತ್ರಚಿಕಿತ್ಸೆಯನ್ನೇ ತಮ್ಮ ವಿಶೇಷ ವಿದ್ಯೆಯಾಗಿ ಮಾಡಿಕೊಂಡವರು ಅವರು. ಇವರ ವಿಷಯದಲ್ಲಿ ಜನ ಆಡುವ ಮಾತೊಂದುಂಟು: ಪೊರೆ ತೆಗೆದು ದೃಷ್ಟಿ ಕೊಡುವವನು ವೈದ್ಯ, ರೆಪ್ಪೆ ಎತ್ತಿ ಚೆಲುವು ಕೊಡುವವನು ಅಲಂಕಾರದವನು, ಕಾಣುವುದು ಅಗತ್ಯ, ಚೆನ್ನಾಗಿ ಕಾಣಿಸುವುದು ಶೋಕಿ. ಈ ವಿಭಾಗ ಸರಿಯೆ? ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೆ ಪ್ರಶ್ನೆ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಧರ್ಮಶಾಸ್ತ್ರಕ್ಕೆ ಸೇರಿದ್ದೆಂದು ತೋರುವುದರಿಂದ ಈ ಧೈರ್ಯ.

ರೆಪ್ಪೆ ಬಲು ಸಣ್ಣ ಅಂಗ. ಮೈಯಲ್ಲೆಲ್ಲ ಅದರಷ್ಟು ತೆಳುವಾದ ಚರ್ಮ ಬೇರೆ ಕಡೆ ಇಲ್ಲ. ಅದನ್ನು ಎತ್ತಲು ಒಂದು ಸ್ನಾಯು. ಮುಚ್ಚಲು, ಕಣ್ಣನ್ನು ಬಳಸಿ ಬಳೆಯಂತಿರುವ ಇನ್ನೊಂದು ಸ್ನಾಯು. ಎರಡಕ್ಕೂ ನರಗಳು ಬೇರೆ ಬೇರೆ. ನಿಮಿಷಕ್ಕೆ ಸುಮಾರು 15 ಸಲ ಅದು ಬಡಿದು, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ ಮೇಲೆ ಕಣ್ಣೀರನ್ನು ಸವರುತ್ತದೆ. ನಿಮಿಷವೆಂಬ ಮಾತೇ ರೆಪ್ಪೆಯ ಬಡಿತದಿಂದ ಬಂದದ್ದು. ದೇವತೆಗಳಿಗೆ ಅನಿಮಿಷರೆಂದು ಹೆಸರು. ನಳನ ರೂಪ ತೊಟ್ಟು ಸ್ವಯಂವರಕ್ಕೆ ಬಂದ ನಾಲ್ವರು ದೇವತೆಗಳ ನಡುವೆ ದಮಯಂತಿ ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ದೇವತೆಗಳ ಮೈ ಬೆವರಿರಲಿಲ್ಲ, ಮಾಲೆ ಬಾಡಿರಲಿಲ್ಲ, ರೆಪ್ಪೆ ಬಡಿಯುತ್ತಿರಲಿಲ್ಲ. ರೆಪ್ಪೆ ಬಡಿಯುತ್ತಿದ್ದವನೇ ಮನುಷ್ಯ. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಅನ್ನಿಸುವುದುಂಟು: ಎವೆಯಿಕ್ಕದಿರುವುದು ದೇವರಿಗೆ ಮಹಿಮೆ, ಅದೇ ಮನುಷ್ಯನಿಗೆ ಬಂದರೆ ಶಾಪ.

ಆ ಶಾಪ ಕೆಲವರಿಗೆ ಬರುತ್ತದೆ. ಕುಷ್ಠರೋಗದಲ್ಲಿ ಮುಖದ ನರ ಕೆಟ್ಟು ರೆಪ್ಪೆ ಮುಚ್ಚದೆ ಹೋಗುವುದುಂಟು. ಕಣ್ಣಿನ ಸ್ಪರ್ಶಜ್ಞಾನವೂ ಹೋಗಿದ್ದರೆ ಧೂಳು ಬಿದ್ದದ್ದೂ ತಿಳಿಯದು. ಪೊರೆ ಒಣಗುತ್ತದೆ, ಹುಣ್ಣಾಗುತ್ತದೆ, ಕಡೆಗೆ ಕುರುಡು. ಇದಕ್ಕೆ ಶಸ್ತ್ರವೈದ್ಯರು ಕಂಡುಕೊಂಡ ಉಪಾಯ ಕೇಳಿದರೆ ಆಶ್ಚರ್ಯವಾಗುತ್ತದೆ. ಕಣತಲೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿದರೆ ಅಲ್ಲೊಂದು ಸ್ನಾಯು ಉಬ್ಬುವುದು ತಿಳಿಯುತ್ತದೆ. ಅಗಿಯುವ ಕೆಲಸದ ಸ್ನಾಯು ಅದು. ಅದರ ನರ ಬೇರೆಯಾದ್ದರಿಂದ ಅದು ಗಟ್ಟಿಯಾಗಿ ಉಳಿದಿರುತ್ತದೆ. ಅದರ ಒಂದು ಪಟ್ಟಿಯನ್ನು ತಿರುಗಿಸಿ ತಂದು, ಮೇಲಿನ ಮತ್ತು ಕೆಳಗಿನ ರೆಪ್ಪೆಗಳೊಳಗೆ ಹಾಯಿಸಿ, ಮೂಗಿನ ಕಡೆಯ ಮೂಲೆಗೆ ಬಿಗಿಯುತ್ತಾರೆ. ಆಮೇಲೆ ರೋಗಿ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ನಾವು ಅರಿಯದೆಯೇ ಮಾಡುವ ಕೆಲಸವನ್ನು ಅವನು ನೆನಪಿಟ್ಟುಕೊಂಡು ದಿನವಿಡೀ ಮಾಡಬೇಕು.

ಟ್ರಕೋಮದ ಕಥೆ ಇನ್ನೊಂದು ಬಗೆ. ಮತ್ತೆ ಮತ್ತೆ ಸೋಂಕು ತಗಲಿ ಮೇಲುರೆಪ್ಪೆಯ ಒಳಮೈ ಗಾಯದ ಕಲೆಯಿಂದ ಬಿಗಿದುಕೊಂಡು, ಅಂಚು ಒಳಕ್ಕೆ ಮಗುಚಿ, ರೆಪ್ಪೆಗೂದಲು ಕಣ್ಣನ್ನೇ ಉಜ್ಜುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಕೂದಲು ಹೀಗೆ ಒಳಕ್ಕೆ ತಿರುಗುವ ಬೇನೆಯನ್ನು ಸುಶ್ರುತಸಂಹಿತೆ ಪಕ್ಷ್ಮಕೋಪವೆಂದು ಕರೆದಿದೆ. ಹುಬ್ಬಿನ ಕೆಳಗೆ ಜವೆಕಾಳಿನ ಆಕಾರದಲ್ಲಿ ಚರ್ಮವನ್ನು ಕತ್ತರಿಸಿ ಕೂದಲಿನಿಂದ ಹೊಲಿಯಬೇಕೆಂದೂ ಅದು ಹೇಳುತ್ತದೆ. ಚರ್ಮ ಗಿಡ್ಡವಾದರೆ ರೆಪ್ಪೆಯ ಅಂಚು ಹೊರಕ್ಕೆ ತಿರುಗೀತೆಂಬ ಯುಕ್ತಿ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮ ಭಾರತದಲ್ಲಿ ನಿವಾರಣೆಯಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಸಾರಿತು.

ಇಷ್ಟರಲ್ಲಿ ಯಾರ ತಕರಾರೂ ಇರಲಾರದು. ಕುರುಡು ತಪ್ಪಿಸುವುದು ವೈದ್ಯಧರ್ಮವೇ ಸರಿ. ತೊಡಕು ಇರುವುದು ಮುಂದೆ.

ಥೈರಾಯ್ಡ್ ಗ್ರಂಥಿಗೆ ಸಂಬಂಧಪಟ್ಟ ಒಂದು ರೋಗವುಂಟು. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಅದನ್ನು ವರ್ಣಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಕಣ್ಣಿನ ಗೂಡು ಸುಮಾರು 30 ಮಿಲಿಲೀಟರ್ ಹಿಡಿಯುವ ಮೂಳೆಯ ಬಟ್ಟಲು. ಈ ರೋಗದಲ್ಲಿ ಗೂಡಿನೊಳಗಿನ ಕೊಬ್ಬೂ ಸ್ನಾಯುಗಳೂ ಊದಿಕೊಳ್ಳಬಹುದು, ಮೂಳೆ ಹಿಗ್ಗುವುದಿಲ್ಲ, ಕಣ್ಣುಗುಡ್ಡೆ ಮುಂದಕ್ಕೆ ಬರುತ್ತದೆ, ಮೇಲುರೆಪ್ಪೆ ಹಿಂದಕ್ಕೆ ಸರಿಯುತ್ತದೆ. ದೃಷ್ಟಿಯ ನರ ಅದುಮಿಹೋಗುವಂತಿದ್ದರೆ ವೈದ್ಯರು ಗೂಡಿನ ಗೋಡೆಯನ್ನು ಒಡೆದು ಜಾಗ ಮಾಡಿಕೊಡುತ್ತಾರೆ. ಆದರೆ ರೋಗ ಶಮನವಾಗಿ ದೃಷ್ಟಿ ಉಳಿದ ಮೇಲೂ ಮುಖದಲ್ಲಿ ಆ ಕೆರಳಿದ ನೋಟ ಉಳಿದುಬಿಡುವುದುಂಟು. ಸೌಮ್ಯ ಸ್ವಭಾವದ ಹೆಂಗಸೊಬ್ಬಳು ಹಾಲು ಕೊಳ್ಳುವಾಗಲೂ ಜಗಳಕ್ಕೆ ನಿಂತವಳಂತೆ ಕಾಣುತ್ತಾಳೆ.

ಇದಕ್ಕೆ ವಿರುದ್ಧವಾದದ್ದು ಜೋತ ರೆಪ್ಪೆ. ಎತ್ತುವ ಸ್ನಾಯು ಹುಟ್ಟಿನಿಂದಲೇ ಬಲಹೀನವಾಗಿದ್ದರೆ ರೆಪ್ಪೆ ಇಳಿಬೀಳುತ್ತದೆ. ವೈದ್ಯರು ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಳಗೆ ನೋಡು, ಮೇಲೆ ನೋಡು ಎಂದು ಹೇಳಿ, ರೆಪ್ಪೆ ಎಷ್ಟು ಮಿಲಿಮೀಟರ್ ಏರಿತೆಂದು ಅಳೆಯುತ್ತಾರೆ. ಅದು ಪಾಪೆಯನ್ನು ಮುಚ್ಚಿದ್ದರೆ ಮಗುವಿನ ಕಣ್ಣು ನೋಡುವುದನ್ನೇ ಸರಿಯಾಗಿ ಕಲಿಯುವುದಿಲ್ಲ; ಆಗ ತಡಮಾಡುವಂತಿಲ್ಲ. ದೊಡ್ಡವರಲ್ಲಿ ರೆಪ್ಪೆ ಇದ್ದಕ್ಕಿದ್ದಂತೆ ಜೋತರೆ ಮಿದುಳಿನ ರಕ್ತನಾಳದ ಅಪಾಯವೂ ಹಿಂದೆ ಇದ್ದೀತು. ಆದರೆ ಹುಟ್ಟಿನಿಂದ ಬಂದದ್ದು, ಪಾಪೆಯ ಅಂಚಿಗೆ ಬಂದು ನಿಂತದ್ದು, ದೃಷ್ಟಿಗೆ ಊನ ತರದಿದ್ದದ್ದು, ಅದನ್ನು ಎತ್ತಬೇಕೆ?

ನನ್ನ ಶಿಷ್ಯನೊಬ್ಬನಿಗೆ ಎಡಗಣ್ಣು ಹಾಗಿತ್ತು. ಗೆಳೆಯರು ಅವನನ್ನು ನಿದ್ದೆರಾಯ ಎನ್ನುತ್ತಿದ್ದರು. ಅವನು ಹಿಂದೆ ಓದಿದ ಶಾಲೆಯಲ್ಲಿ ಪಾಠದ ಹೊತ್ತಿನಲ್ಲಿ ತೂಕಡಿಸುತ್ತಾನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟಂತೆ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅವನ ಅಜ್ಜಿ, "ಕಣ್ಣು ಚೆನ್ನಾಗಿ ಕಾಣುತ್ತಲ್ಲೋ ಮಗಾ, ದೇವರು ಕೊಟ್ಟ ಮುಖಕ್ಕೆ ಕತ್ತಿ ಯಾಕೋ?" ಎಂದರಂತೆ. ಅವನು ಮಾಡಿಸಿಕೊಂಡ. ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯಿಂದ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕಿದರು. ಹುಬ್ಬೇರಿಸಿದರೆ ರೆಪ್ಪೆ ಏರುತ್ತದೆ. ಇದಕ್ಕೊಂದು ಬೆಲೆಯೂ ಉಂಟು. ನಿದ್ದೆಯಲ್ಲಿ ಆ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಮಲಗುವಾಗ ಮುಲಾಮು ಹಾಕಿಕೊಳ್ಳಬೇಕು. ಕೆಲವು ತಿಂಗಳಾದ ಮೇಲೆ ಅವನೆಂದ: "ಈಗ ಎಲ್ಲರೂ ನನ್ನನ್ನು ಚುರುಕಾದ ಹುಡುಗ ಅನ್ನುತ್ತಾರೆ, ಸಾರ್. ನಾನು ಆಗಲೂ ಎಚ್ಚರವಾಗಿಯೇ ಇದ್ದೆ."

ಈ ಮಾತು ನನ್ನನ್ನು ಬಿಟ್ಟಿಲ್ಲ. ಚಿಕಿತ್ಸೆ ಆದದ್ದು ಅವನ ಕಣ್ಣಿಗೆ. ದೋಷ ಇದ್ದದ್ದು ಯಾರ ಕಣ್ಣಿನಲ್ಲಿ?

ವೆಲ್ಲೂರಿನ ಉದಾಹರಣೆಯನ್ನು ನೋಡಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್, ಕುಷ್ಠದಿಂದ ಮುರುಟಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ದುಡಿಯುವ ಕೈಗಳಾಗಿ ಮಾಡಿದ ವೈದ್ಯ. ಆದರೆ ಕೈ ನೆಟ್ಟಗಾದರೂ ಕೆಲಸ ಕೊಡುವವರಿರಲಿಲ್ಲ. ಮೈಯಲ್ಲಿ ರೋಗದ ಕ್ರಿಮಿ ಸತ್ತಿದ್ದರೂ, ಹುಬ್ಬಿಲ್ಲದ ಮುಖ ಹಳೆಯ ರೋಗವನ್ನು ಸಾರುತ್ತಿತ್ತು. ಆಗ ತಲೆಯ ಕೂದಲಿರುವ ಚರ್ಮದ ತುಂಡನ್ನು ರಕ್ತನಾಳದ ಸಮೇತ ಹಣೆಯ ಚರ್ಮದಡಿ ಹಾಯಿಸಿ ತಂದು ಹುಬ್ಬು ಮಾಡಿಕೊಟ್ಟರು. ತಲೆಗೂದಲಾದ್ದರಿಂದ ಅದು ಬೆಳೆಯುತ್ತಲೇ ಇರುತ್ತಿತ್ತು. ಕೆಲವರು ಹೆಮ್ಮೆಯಿಂದ ಕತ್ತರಿಸದೆ ಬೆಳೆಯಬಿಟ್ಟರಂತೆ. ಈ ಹುಬ್ಬಿನಿಂದ ಯಾರ ದೃಷ್ಟಿಯೂ ಹೆಚ್ಚಲಿಲ್ಲ. ಆದರೂ ಇದನ್ನು ಶೋಕಿಯೆನ್ನಲು ನನಗೆ ನಾಲಿಗೆ ಬಾರದು.

ನಮ್ಮ ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ, ಲಿಪಿಕಾರನ ಕೈತಪ್ಪಿನಿಂದ ಪಾಠ ಕೆಟ್ಟಿದ್ದರೆ ಸಂಪಾದಕ ತಿದ್ದುತ್ತಾನೆ. ರೋಗ ಕೆಡಿಸಿದ ಮುಖಪಾಠವನ್ನು ಶಸ್ತ್ರವೈದ್ಯ ತಿದ್ದುತ್ತಾನೆ. ಇಷ್ಟಕ್ಕೆ ನಿಲ್ಲಿಸಿದರೆ ಸುಖವಾಗಿತ್ತು. ಆದರೆ ಪಾಠ ಶುದ್ಧವಾಗಿದ್ದು, ಓದುವವನಿಗೇ ಆ ಲಿಪಿ ಬಾರದಿದ್ದರೆ?

ಅಮೆರಿಕದ ಶಸ್ತ್ರವೈದ್ಯ ರಾಲ್ಫ್ ಮಿಲಾರ್ಡ್ ಕೊರಿಯಾದಲ್ಲಿದ್ದಾಗಿನ ಅನುಭವಗಳನ್ನು 1955ರಲ್ಲಿ ಪ್ರಕಟಿಸಿದ. ಅವನ ಬಳಿಗೆ ಬಂದವರಲ್ಲಿ ಒಬ್ಬ ಕೊರಿಯಾದ ದುಭಾಷಿ. ತನ್ನ ಕಣ್ಣಿನ ಆಕಾರದಿಂದ ಅಮೆರಿಕನರಿಗೆ ತನ್ನ ಮನಸ್ಸು ತಿಳಿಯುವುದಿಲ್ಲ, ಆದ್ದರಿಂದ ತನ್ನನ್ನು ನಂಬುವುದಿಲ್ಲ, ಕಣ್ಣನ್ನು ದುಂಡಗೆ ಮಾಡಿಕೊಡಿ ಎಂಬುದು ಅವನ ಬೇಡಿಕೆ. ರೆಪ್ಪೆಯಲ್ಲಿ ಮಡಿಕೆ ತರುವ ಶಸ್ತ್ರಕ್ರಿಯೆಯನ್ನು ಜಪಾನಿನ ಮಿಕಾಮೊ ಎಂಬ ವೈದ್ಯ 1896ರಲ್ಲಿಯೇ ವರದಿಮಾಡಿದ್ದ; ತನ್ನ ಇಷ್ಟಕ್ಕೆ ಚೆಲುವು ಬಯಸುವವರ ಮಾತು ಬೇರೆ. ಈ ದುಭಾಷಿಗೆ ಬೇಕಾದದ್ದು ನಂಬಿಕೆ. ಅವನ ರೆಪ್ಪೆಗೆ ರೋಗವಿರಲಿಲ್ಲ. ತಂದೆತಾಯಿಗಳಿಂದ ಬಂದ ರೆಪ್ಪೆ ಅದು.

ವೆಲ್ಲೂರಿನದು ಸರಿ, ಕೊರಿಯಾದ್ದು ತಪ್ಪು ಎಂದು ತೀರ್ಪು ಕೊಡಲು ಮನಸ್ಸು ಓಡುತ್ತದೆ. ಆದರೆ ಗುಣವಾದವನಿಗೆ ಕೆಲಸ ಕೊಡದ ಧಣಿಯೂ, ದುಭಾಷಿಯನ್ನು ನಂಬದ ಪರದೇಶದವನೂ ಮಾಡಿದ ತಪ್ಪು ಒಂದೇ: ಮುಖವನ್ನು ಓದಿ ಮನುಷ್ಯನನ್ನು ಓದಿದೆವೆಂದುಕೊಂಡದ್ದು. ಹಾಗಾದರೆ ಹುಬ್ಬು ಕೊಟ್ಟದ್ದೂ ತಪ್ಪೆ? ಖಂಡಿತ ಅಲ್ಲ. ಸಮಾಜದ ಕಣ್ಣು ತೆರೆಯುವವರೆಗೆ ಒಬ್ಬನ ಹೊಟ್ಟೆ ಕಾಯುವುದಿಲ್ಲ, ಇರುವುದೊಂದು ಜನ್ಮ. ಎದುರಿಗೆ ಕುಳಿತವನ ದುಃಖವನ್ನು ಕಳೆಯುವುದು ವೈದ್ಯನ ಕರ್ತವ್ಯ. ಬೇಡಿದವನದೂ ತಪ್ಪಲ್ಲ, ದುಭಾಷಿಯನ್ನು ದೂಷಿಸಲು ನಾನಾರು?

ಆದರೆ ಕತ್ತಿ ಎತ್ತುವ ಮುನ್ನ ವೈದ್ಯನು ರೋಗಿಯನ್ನು ಒಂದು ಪ್ರಶ್ನೆ ಕೇಳಬಹುದೆಂದು ತೋರುತ್ತದೆ: "ಯಾರೂ ನಿನ್ನನ್ನು ತಪ್ಪಾಗಿ ನೋಡದಿದ್ದರೂ ನಿನಗೆ ಇದು ಬೇಕಾಗುತ್ತಿತ್ತೆ?" ಹೌದೆಂದರೆ ಚಿಕಿತ್ಸೆ ಅವನದು. ಇಲ್ಲವೆಂದರೂ ಮಾಡಬೇಕಾದೀತು; ಆದರೆ ಆಗ ನಡೆಯುವುದು, ಒಬ್ಬರ ರೋಗಕ್ಕೆ ಇನ್ನೊಬ್ಬರ ಮೈಮೇಲೆ ಚಿಕಿತ್ಸೆ. ನೋವು ತಿಂದವನು ಅವನು, ರಾತ್ರಿಯೆಲ್ಲ ಕಣ್ಣು ಅರೆತೆರೆದು ಮಲಗುವವನು ಅವನು. ನಾವು ಪುಕ್ಕಟೆಯಾಗಿ ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಸಾಲ ನಮ್ಮ ಲೆಕ್ಕದಲ್ಲಿಯೇ ಉಳಿಯುತ್ತದೆ.

ಅದನ್ನು ತೀರಿಸುವ ದಾರಿ ದೊಡ್ಡದೇನೂ ಅಲ್ಲ. ಜೋತ ರೆಪ್ಪೆಯನ್ನೋ, ಉಬ್ಬಿದ ಕಣ್ಣನ್ನೋ, ಹುಬ್ಬಿಲ್ಲದ ಹಣೆಯನ್ನೋ ಕಂಡಾಗ, ಇವನು ಇಂಥವನೆಂದು ನಿರ್ಣಯಿಸುವ ಮುನ್ನ ಒಂದು ನಿಮಿಷ ತಡೆಯುವುದು. ನಿಮಿಷವೆಂದರೆ ಹಳೆಯ ಅರ್ಥದಲ್ಲಿಯೇ ಆದೀತು: ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟು ಹೊತ್ತು.