ಚಂದದ ಗ್ರಂಥವೂ ಅದನ್ನು ನೋಡುವವರ ತೀರ್ಪೂ



ಮನುಷ್ಯನ ಕೈಯಿಂದಾಗುವ ಚಿತ್ರಕೆಲಸವು ದೇವರ ವರವೋ, ಇಲ್ಲವೆ ಆತ್ಮವನ್ನು ದಾರಿ ತಪ್ಪಿಸುವ ಬಲೆಯೋ ಎಂಬ ಪ್ರಶ್ನೆಯು ಸಭೆಗಳಲ್ಲಿ ಹಳೆಯದು. ವಿಗ್ರಹಗಳನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿದ ಮನೆತನಗಳಿಗೆ ಇದು ಬರೀ ವಾದದ ಮಾತಲ್ಲ. ಬಣ್ಣವೂ ರೂಪವೂ ಮನಸ್ಸನ್ನು ಎಷ್ಟು ಬಲವಾಗಿ ಎಳೆಯುತ್ತವೆಂಬದನ್ನು ಅವರು ಪುಸ್ತಕದಿಂದಲ್ಲ, ಅನುಭವದಿಂದಲೇ ಬಲ್ಲರು. ಈಗಲಂತೂ ಚಿತ್ರಗಳು ಗುಡಿಯಲ್ಲಿಯೂ ಜಾತ್ರೆಯಲ್ಲಿಯೂ ಮಾತ್ರ ನಿಲ್ಲದೆ, ಅಂಗೈಯಷ್ಟು ಮೊಬೈಲಿನೊಳಗಿಂದ ನಮ್ಮ ಮಕ್ಕಳ ಮುಂದೆ ಕುಣಿಯುತ್ತವೆ. ಇದನ್ನು ನೋಡಬಹುದೋ ನೋಡಬಾರದೋ ಎಂದು ತಂದೆತಾಯಿಗಳು ಕೇಳುವದು ನ್ಯಾಯವೇ. ಈ ಪ್ರಶ್ನೆಯನ್ನು ಒಂದು ದೃಷ್ಟಾಂತವನ್ನು ಹಿಡಿದು ವಿಚಾರಿಸೋಣ.

ಐರ್ಲೆಂಡ್ ದೇಶದ ಕಿಲ್ಕೆನ್ನಿ ಪಟ್ಟಣದ ಕಾರ್ಟೂನ್ ಸಲೂನ್ ಎಂಬ ಚಿತ್ರಶಾಲೆಯವರು ಫ್ರಾನ್ಸ್ ಮತ್ತು ಬೆಲ್ಜಿಯಮ್ ದೇಶದವರೊಂದಿಗೆ ಕೂಡಿ 2009ನೇ ಇಸವಿಯಲ್ಲಿ ಮಕ್ಕಳಿಗಾಗಿ ಒಂದು ಚಲನಚಿತ್ರವನ್ನು ಹೊರಡಿಸಿದರು. ಅದರ ಹೆಸರು ‘ದ ಸೀಕ್ರೆಟ್ ಆಫ್ ಕೆಲ್ಸ್’, ಅಂದರೆ ಕೆಲ್ಸ್ ಊರಿನ ಗುಟ್ಟು. ಟಾಮ್ ಮೂರ್ ಎಂಬವರೂ ನೋರಾ ಟೂಮಿ ಎಂಬವರೂ ಅದನ್ನು ನಿರ್ದೇಶಿಸಿದರು. ಅದರಲ್ಲಿ ನಟರು ಬಂದು ಆಡುವದಿಲ್ಲ. ಕೈಯಿಂದ ಬರೆದ ಚಿತ್ರಗಳೇ ಒಂದರ ಹಿಂದೊಂದು ಓಡಿ, ಜೀವವುಳ್ಳವುಗಳಂತೆ ಚಲಿಸುತ್ತವೆ.

ಅದರ ಕಥೆಯೇನಂದರೆ: ಕೆಲ್ಸ್ ಊರಿನ ಮಠದಲ್ಲಿ ಬ್ರೆಂಡನ್ ಎಂಬ ಹುಡುಗನು ತನ್ನ ದೊಡ್ಡಪ್ಪನ ಬಳಿಯಲ್ಲಿ ಬೆಳೆಯುತ್ತಾನೆ. ಕೆಲ್ಲಾಖ್ ಎಂಬ ಆ ದೊಡ್ಡಪ್ಪನೇ ಮಠಾಧಿಪತಿಯು. ಕಡಲಿನಾಚೆಯಿಂದ ಹಡಗುಗಳಲ್ಲಿ ಬಂದು ಮಠಗಳನ್ನು ಸುಲಿಯುವ ವೈಕಿಂಗ್ ದರೋಡೆಗಾರರ ಭಯದಿಂದ ಅವನು ಊರಿನ ಸುತ್ತಲೂ ದೊಡ್ಡ ಗೋಡೆಯನ್ನು ಕಟ್ಟಿಸುತ್ತಾನೆ. ಗೋಡೆಯ ಹೊರತು ಬೇರೆ ಯಾವ ಕೆಲಸವೂ ಅವನ ಕಣ್ಣಿಗೆ ಕೆಲಸವಾಗಿ ತೋರುವದಿಲ್ಲ. ಆಗ ಏಡನ್ ಎಂಬ ಮುದುಕನಾದ ಸನ್ಯಾಸಿಯು, ಅಯೋನಾ ದ್ವೀಪದ ತನ್ನ ಮಠವು ಹಾಳಾದ ಮೇಲೆ, ಇನ್ನೂ ಮುಗಿಯದ ಒಂದು ಚಿತ್ರಗ್ರಂಥವನ್ನೂ ಪಾಂಗುರ್ ಬಾನ್ ಎಂಬ ಬಿಳೀ ಬೆಕ್ಕನ್ನೂ ತೆಗೆದುಕೊಂಡು ಓಡಿಬರುತ್ತಾನೆ. ಮುದುಕನ ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ. ಹುಡುಗನು ಅವನಿಂದ ಚಿತ್ರ ಬರೆಯಲು ಕಲಿತು, ಶಾಯಿಗೆ ಬೇಕಾದ ಕಾಯಿಗಳಿಗಾಗಿ ಅಪ್ಪಣೆಯಿಲ್ಲದೆ ಅಡವಿಗೆ ಹೋಗುತ್ತಾನೆ. ಅಲ್ಲಿ ಆಶ್ಲಿಂಗ್ ಎಂಬ ವನಕನ್ಯೆಯು ಅವನಿಗೆ ಗೆಳತಿಯಾಗುತ್ತಾಳೆ. ಕ್ರೋಮ್ ಕ್ರುವಾಖ್ ಎಂಬ ಕತ್ತಲೆಯ ಸರ್ಪದ ಗುಹೆಗೆ ಅವನು ಇಳಿದು, ಖಡ್ಗದಿಂದಲ್ಲ, ಸೀಮೆಸುಣ್ಣದಿಂದ ಗೆರೆಯೆಳೆದು ಅದನ್ನು ಕಟ್ಟಿಹಾಕುತ್ತಾನೆ. ದೊಡ್ಡಪ್ಪನು ಕೋಪಗೊಂಡು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಕಡೆಗೆ ದರೋಡೆಗಾರರು ಬರುತ್ತಾರೆ, ಗೋಡೆಯು ಅವರನ್ನು ತಡೆಯಲಾರದು, ಊರು ಉರಿಯುತ್ತದೆ. ಮುದುಕನೂ ಹುಡುಗನೂ ಗ್ರಂಥವನ್ನು ಹೊತ್ತುಕೊಂಡು ತಪ್ಪಿಸಿಕೊಳ್ಳುತ್ತಾರೆ. ಬಹುವರುಷಗಳ ಮೇಲೆ ಬ್ರೆಂಡನ್ ಪ್ರಾಯಸ್ಥನಾಗಿ, ಮುಗಿದ ಗ್ರಂಥವನ್ನು ತಂದು, ಮರಣಕ್ಕೆ ಸಮೀಪವಾದ ದೊಡ್ಡಪ್ಪನ ಮುಂದೆ ತೆರೆಯುತ್ತಾನೆ.

ಇದು ಕಟ್ಟುಕಥೆಯಾದರೂ ಆ ಗ್ರಂಥವು ಕಟ್ಟುಕಥೆಯಲ್ಲ. ಕ್ರಿಸ್ತಶಕ ಸುಮಾರು 800ರಲ್ಲಿ ಸನ್ಯಾಸಿಗಳು ಬರೆದ ಲತೀನ್ ಭಾಷೆಯ ನಾಲ್ಕು ಸುವಾರ್ತೆಗಳೇ ಅದು. 806ರಲ್ಲಿ ಅಯೋನಾದಲ್ಲಿ 68 ಮಂದಿ ಕೊಲ್ಲಲ್ಪಟ್ಟರೆಂದು ಆ ದೇಶದ ಹಳೇ ವರ್ಷಾವಳಿಯಲ್ಲಿ ಬರೆದದೆ. ಮುಂದಿನ ವರುಷವೇ ಕೆಲ್ಸಿನಲ್ಲಿ ಹೊಸ ಮಠದ ಕೆಲಸ ತೊಡಗಿತು. ಆ ಕಾಲದಲ್ಲಿ ಕೆಲ್ಲಾಖ್ ಎಂಬ ಮಠಾಧಿಪತಿಯು ನಿಜವಾಗಿಯೂ ಇದ್ದನು. ಗ್ರಂಥದಲ್ಲಿ ಈಗ 340 ಹಾಳೆಗಳಿರುತ್ತವೆ. ಅವು ಕಾಗದವಲ್ಲ, ಹದಮಾಡಿದ ಕರುವಿನ ಚರ್ಮ. ಅದಕ್ಕಾಗಿ ನೂರಕ್ಕೂ ಹೆಚ್ಚು ಕರುಗಳು ಬೇಕಾಗಿದ್ದವು. ನಮ್ಮ ಅಂಗಡಿಗಳಲ್ಲಿ ಮದ್ದಿಗೆಂದು ಮಾರುವ ಮಾಚಿಕಾಯಿಯ ಜಾತಿಯ ಕಾಯಿಗಳಿಂದ ಕಪ್ಪು ಶಾಯಿಯನ್ನೂ, ಹರಿದಾಳದಿಂದ ಹಳದಿಯನ್ನೂ, ಸೀಸವನ್ನು ಸುಟ್ಟು ಕೆಂಪನ್ನೂ, ತಾಮ್ರದ ಕಿಲುಬಿನಿಂದ ಹಸುರನ್ನೂ ಮಾಡಿದರು. 1661ರಿಂದ ಆ ಗ್ರಂಥವು ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಕಾಪಾಡಲ್ಪಟ್ಟಿದೆ.

ಇನ್ನು ಆ ಚಲನಚಿತ್ರವನ್ನು ನೋಡಿದವರು ಏನಂದರೆಂಬದನ್ನು ಕೇಳೋಣ. ಅದೇ 2009ರಲ್ಲಿ ಫ್ರಾನ್ಸಿನ ಆನೆಸಿ ಪಟ್ಟಣದ ಉತ್ಸವದಲ್ಲಿ ನೋಡುಗರು ತಾವೇ ಮತಕೊಟ್ಟು ಅದಕ್ಕೆ ಬಹುಮಾನವನ್ನು ಕೊಡಿಸಿದರು. 2010ರಲ್ಲಿ ಅಮೇರಿಕದ ಆಸ್ಕರ್ ಬಹುಮಾನಕ್ಕೆ ಆರಿಸಿದ ಐದು ಚಿತ್ರಗಳಲ್ಲಿ ಅದೂ ಒಂದಾಯಿತು. ಬಹುಮಾನವೋ ‘ಅಪ್’ ಎಂಬ ಬೇರೊಂದು ಚಿತ್ರಕ್ಕೆ ಹೋಯಿತು. ಹೆಚ್ಚಿನವರು ಅದರ ಅಂದವನ್ನು ಬಹಳವಾಗಿ ಹೊಗಳಿದರು. ಆದರೆ ಎಲ್ಲರ ಮಾತೂ ಒಂದೇ ಆಗಿರಲಿಲ್ಲ. ಚಿತ್ರಗಳು ಹಾಳೆಯ ಮೇಲೆ ಬರೆದಂತೆ ಚಪ್ಪಟೆಯಾಗಿವೆ, ಕಥೆಯು ಕಡೆಯಲ್ಲಿ ಅವಸರದಿಂದ ಮುಗಿಯುತ್ತದೆ ಎಂದು ಕೆಲವರು ಹೇಳಿದರು. ಸುವಾರ್ತೆಯ ಗ್ರಂಥದ ಕಥೆಯಲ್ಲಿ ವನಕನ್ಯೆಗೂ ಹಳೇ ದೈವಕ್ಕೂ ಏನು ಕೆಲಸ ಎಂದು ಬೇರೆ ಕೆಲವರು ಕೇಳಿದರು. ಅದಕ್ಕಿಂತ ಘನವಾದ ದೂರನ್ನು ಕ್ರೈಸ್ತರಲ್ಲಿ ಅನೇಕರು ಎತ್ತಿದರು: ಇಡೀ ಚಿತ್ರದಲ್ಲಿ ಗ್ರಂಥವು ಬೆಳಕಿನ ಗ್ರಂಥವೆಂದು ಕೊಂಡಾಡಲ್ಪಡುತ್ತದೆ, ಆದರೆ ಅದು ಯೇಸು ಕ್ರಿಸ್ತನ ಸುವಾರ್ತೆಯೆಂದು ಮಕ್ಕಳಿಗೆ ತಿಳಿಯುವಂತೆ ಹೇಳಿಯೇ ಇಲ್ಲ.

ಚಪ್ಪಟೆಯೆಂಬ ದೂರಿಗೆ ಬಹಳ ಹೇಳಬೇಕಾಗಿಲ್ಲ. ಆ ಹಳೇ ಗ್ರಂಥದ ಪುಟಗಳ ರೀತಿಯನ್ನೇ ಅನುಸರಿಸಿ ಚಿತ್ರಗಾರರು ಬೇಕೆಂದು ಹಾಗೆ ಬರೆದರು. ರುಚಿಯ ವಿಷಯದಲ್ಲಿ ಒಬ್ಬೊಬ್ಬನು ಒಂದೊಂದನ್ನು ಮೆಚ್ಚಲಿ.

ವನಕನ್ಯೆಯ ವಿಷಯದಲ್ಲಿ ನಾವು ಹಾಗೆ ಹಗುರವಾಗಿ ದಾಟಲಾರೆವು. ಬನಗಳಿಗೂ ಹುತ್ತಗಳಿಗೂ ಹೆದರಿ ಹರಕೆ ಹೊತ್ತ ದಿವಸಗಳು ಕೆಲವು ಮನೆಗಳಲ್ಲಿ ಇನ್ನೂ ಹಿರಿಯರ ನೆನಪಿನಲ್ಲಿವೆ. ಆ ಭಯದಿಂದ ಬಿಡುಗಡೆಯಾದವರು ಮಕ್ಕಳ ಕಣ್ಣಿಗೆ ಪುನಃ ಅವೇ ರೂಪಗಳು ಬೀಳುವದನ್ನು ಕಂಡು ನಡುಗಿದರೆ ಅದು ಮೂಢತನವಲ್ಲ. ಆದಾಗ್ಯೂ ಕಥೆಯೆಂದು ಹೇಳಿದ ಕಥೆಗೂ, ನಂಬಬೇಕೆಂದು ಹೇಳಿದ ಸುಳ್ಳಿಗೂ ಭೇದವುಂಟು. ನ್ಯಾಯಸ್ಥಾಪಕರ ಪುಸ್ತಕದ ಒಂಭತ್ತನೇ ಅಧ್ಯಾಯದಲ್ಲಿ ಯೋತಾಮನು ಮರಗಳು ಮಾತಾಡಿ ಅರಸನನ್ನು ಆರಿಸಹೋದ ಕಥೆಯನ್ನು ಹೇಳಲಿಲ್ಲವೇ? ಆ ಕಥೆಯನ್ನು ಕೇಳಿ ಯಾರೂ ಮುಳ್ಳಿನ ಗಿಡಕ್ಕೆ ಅಡ್ಡಬೀಳಲಿಲ್ಲ. ಈ ಚಿತ್ರದಲ್ಲಿಯೂ ಹಳೇ ದೈವವಾದ ಸರ್ಪವು ಆರಾಧನೆಯನ್ನಲ್ಲ, ಸೋಲನ್ನೇ ಹೊಂದುತ್ತದೆ. ಮಗುವಿಗೆ ಈ ಭೇದವನ್ನು ತಿಳಿಸುವವರು ಹತ್ತಿರದಲ್ಲಿದ್ದರೆ ಹಾನಿಯಿಲ್ಲ. ತಿಳಿಸುವವರಿಲ್ಲದಿದ್ದರೆ ಒಳ್ಳೇ ಕಥೆಯೂ ಹಾನಿಯಾದೀತು.

ಈಗ ಗೋಡೆಗೂ ಗ್ರಂಥಕ್ಕೂ ಇರುವ ವಾದವನ್ನು ನೋಡೋಣ. ಕಥೆಯ ತಿರುಳು ಇದೇ. ಶತ್ರುವು ಬಾಗಿಲಲ್ಲಿರುವಾಗ ಒಂದು ಅಕ್ಷರಕ್ಕೆ ಬಣ್ಣ ಹಾಕುತ್ತಾ ದಿನಗಳನ್ನು ಕಳೆಯುವದು ನ್ಯಾಯವೋ? ಕೆಲ್ಲಾಖನನ್ನು ದುಷ್ಟನೆಂದು ತಿಳಿಯಬೇಡಿರಿ. ಊರಿನ ಪ್ರಾಣಗಳಿಗೆ ಲೆಕ್ಕ ಕೊಡಬೇಕಾದವನು ಅವನು. ನೆಹೆಮೀಯನೂ ಗೋಡೆಯನ್ನು ಕಟ್ಟಿದನಲ್ಲವೇ? ಅವನು ಹಾಗೆ ಮಾಡಿದ್ದರಲ್ಲಿ ದೋಷವಿಲ್ಲ. ಆದರೆ ಗೋಡೆ ಮುಗಿದ ಮೇಲೆ ನೆಹೆಮೀಯನ ಕಾಲದ ಜನರು ನೀರುಬಾಗಿಲಿನ ಮುಂದಣ ಬೈಲಿನಲ್ಲಿ ಕೂಡಿ, ಧರ್ಮಶಾಸ್ತ್ರವನ್ನು ಓದಿಸಿ, ಕೇಳಿ ಅತ್ತರು. ಗೋಡೆಯಿದ್ದದ್ದು ಆ ಓದಿಗಾಗಿಯೇ. ಕೆಲ್ಲಾಖನೋ ಗೋಡೆಯನ್ನು ಕಾಯುವದಕ್ಕಾಗಿ, ಗೋಡೆಯು ಯಾವದನ್ನು ಕಾಯಬೇಕಾಗಿತ್ತೋ ಅದನ್ನೇ ಮುಚ್ಚಿಬಿಟ್ಟನು. ನಮ್ಮ ಮನೆಗಳಲ್ಲಿಯೂ ಸಾಲ, ಬೆಳೆ, ಮಕ್ಕಳ ಮದುವೆ, ಕೋರ್ಟಿನ ವ್ಯಾಜ್ಯ ಎಂಬ ಗೋಡೆಗಳ ಕೆಲಸದಲ್ಲಿ ಹಾಡೂ ಪ್ರಾರ್ಥನೆಯೂ ಹೀಗೆಯೇ ಕೋಣೆಯೊಳಗೆ ಕೂಡಿಹಾಕಲ್ಪಡುವದಿಲ್ಲವೋ? ಬೇಥಾನ್ಯದಲ್ಲಿ ಒಬ್ಬ ಸ್ತ್ರೀಯು ಬೆಲೆಯುಳ್ಳ ತೈಲವನ್ನು ಕರ್ತನ ತಲೆಯ ಮೇಲೆ ಹೊಯ್ದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತೆಂದು ಲೆಕ್ಕ ಹಾಕಿದವರು ಇದ್ದರು. ಕರ್ತನು ಬಡವರನ್ನು ಮರೆಯಲಿಲ್ಲ; ಆದರೂ ಆಕೆಯ ಕಾರ್ಯವನ್ನು ನಷ್ಟವೆಂದು ಎಣಿಸಗೊಡಲಿಲ್ಲ.

ಹಾಗಾದರೆ ಸೌಂದರ್ಯವೇ ಸತ್ಯವೋ? ಎಂದಿಗೂ ಅಲ್ಲ. ವಿಮೋಚನಕಾಂಡದ ಮೂವತ್ತೊಂದನೇ ಅಧ್ಯಾಯದಲ್ಲಿ ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿ, ಬಂಗಾರ ಬೆಳ್ಳಿಗಳಲ್ಲಿ ಕೆಲಸಮಾಡುವ ಜಾಣತನವನ್ನು ಅವನಿಗೆ ಕೊಟ್ಟನು. ಮೂವತ್ತೆರಡನೇ ಅಧ್ಯಾಯದಲ್ಲಿಯೋ ಬಂಗಾರದ ಕರುವನ್ನು ಎರಕಹೊಯ್ದರು. ಜನವೂ ಅದೇ, ಬಂಗಾರವೂ ಅದೇ. ನಡುವೆ ಒಂದೇ ಒಂದು ಪುಟ. ಕೆಲ್ಸ್ ಗ್ರಂಥದಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಮತ್ತಾಯನ ಹತ್ತನೇ ಅಧ್ಯಾಯದ ಮೂವತ್ತನಾಲ್ಕನೇ ವಚನದಲ್ಲಿ ಖಡ್ಗವೆಂದು ಬರೆಯತಕ್ಕಲ್ಲಿ ಆ ಲೇಖಕನು ಸಂತೋಷವೆಂದು ಬರೆದನು. ಲತೀನ್ ಮಾತಿನಲ್ಲಿ ಗ್ಲಾದಿಯುಮ್ ಅಂದರೆ ಖಡ್ಗ, ಗೌದಿಯುಮ್ ಅಂದರೆ ಸಂತೋಷ. ಅಕ್ಷರವು ಮುತ್ತಿನಂತಿದೆ; ಮಾತು ತಪ್ಪಾಗಿದೆ. ಕೈಯ ಚಂದವು ಮಾತಿನ ಸತ್ಯಕ್ಕೆ ಹೊಣೆಯಾಗಲಾರದು. ಆದಕಾರಣ ಅಂದವಾಗಿದೆ ಎಂಬದೇ ಒಳ್ಳೇದೆನ್ನುವದಕ್ಕೆ ಸಾಲದು. ಹಾಗೆಯೇ, ಅಂದವಾಗಿದೆ ಎಂಬದೇ ಸಂಶಯಪಡುವದಕ್ಕೂ ಸಾಲದು.

ಉಳಿದದ್ದು ದೊಡ್ಡ ದೂರು: ಕ್ರಿಸ್ತನ ನಾಮವನ್ನು ಹೇಳಲಿಲ್ಲವೆಂಬದು. ಇದು ನಿಜವಾದ ಕೊರತೆಯೇ ಸರಿ. ದೀಪವನ್ನು ಹೊಗಳಿ ಎಣ್ಣೆಯ ಹೆಸರನ್ನು ಹೇಳದವರ ಹಾಗಾಯಿತು. ಆದರೆ ಒಂದು ಸಂಗತಿಯನ್ನು ಕೇಳಿರಿ. ಚಿತ್ರದ ಕಡೆಯಲ್ಲಿ, ಇಷ್ಟು ಕಷ್ಟಪಟ್ಟು ಮುಗಿಸಿದ ಪುಟವು ತೆರೆದು, ಸುರುಳಿಗಳೂ ಬಣ್ಣಗಳೂ ಜೀವತಾಳಿ ತಿರುಗುತ್ತವೆ. ನಿಜವಾದ ಗ್ರಂಥದ ಅತ್ಯಂತ ಹೆಸರುವಾಸಿಯಾದ ಪುಟವೇ ಅದು. ಮತ್ತಾಯನು ಯೇಸು ಕ್ರಿಸ್ತನ ಜನನವನ್ನು ಹೇಳತೊಡಗುವ ಸ್ಥಳದಲ್ಲಿರುತ್ತದೆ. ಪುಟವನ್ನೆಲ್ಲಾ ತುಂಬಿದ ಆ ದೊಡ್ಡ ಅಕ್ಷರಗಳು ಗ್ರೀಕ್ ಭಾಷೆಯ ಖಿ ಮತ್ತು ರೋ ಎಂಬವು, ಅಂದರೆ ಕ್ರಿಸ್ತ ಎಂಬ ನಾಮದ ಮೊದಲಿನ ಅಕ್ಷರಗಳು. ಹಾಗಾದರೆ ಬಾಯಿ ಹೇಳದ ನಾಮವನ್ನು ಚಿತ್ರವು ಕಡೆಯಲ್ಲಿ ಕಣ್ಣುಗಳ ಮುಂದೆ ಹಿಡಿಯಿತು! ಅಕ್ಷರವನ್ನು ಬಲ್ಲವನು ನಾಮವನ್ನು ಕಂಡನು. ಅರಿಯದವನು ಬಣ್ಣವನ್ನು ಕಂಡನು.

ಇಲ್ಲಿ ನಮ್ಮ ಪ್ರಶ್ನೆಗೆ ಉತ್ತರವುಂಟೆಂದು ತೋರುತ್ತದೆ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿಯು ರಥದಲ್ಲಿ ಕೂತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಆ ಪುಟದಲ್ಲಿಯೂ ಕರ್ತನ ನಾಮವು ಬಿಡಿಸಿ ಹೇಳಲ್ಪಟ್ಟಿರಲಿಲ್ಲ. ಫಿಲಿಪ್ಪನು ಗ್ರಂಥವನ್ನು ದೂರಲಿಲ್ಲ, ಓದುವವನನ್ನು ಗದರಿಸಲಿಲ್ಲ; ಓಡಿಹೋಗಿ, ರಥವನ್ನು ಹತ್ತಿ, ಪಕ್ಕದಲ್ಲಿ ಕೂತು, ತಿಳಿಸಿದನು. ಚಿತ್ರವು ಬಾಗಿಲ ತನಕ ಕರೆತರಬಲ್ಲದು. ಒಳಗೆ ಕರೆಯುವದು ಮನೆಯವರ ಕೆಲಸ. ಹೇಳತಕ್ಕದ್ದನ್ನು ಸಿನೆಮಾದವರು ಹೇಳಲಿಲ್ಲವೆಂದು ನಾವು ದೂರುವಾಗ, ನಮ್ಮ ಮಕ್ಕಳಿಗೆ ನಾವು ಹೇಳಿದ್ದೇವೋ ಎಂಬದನ್ನು ಮೊದಲು ಕೇಳಿಕೊಳ್ಳಬೇಕು.

1007ನೇ ಇಸವಿಯಲ್ಲಿ ಕಳ್ಳರು ಈ ಗ್ರಂಥವನ್ನು ಕೆಲ್ಸಿನ ದೇವಾಲಯದಿಂದ ಕದ್ದರು. ಎರಡು ತಿಂಗಳೂ ಇಪ್ಪತ್ತು ದಿನಗಳೂ ಕಳೆದ ಮೇಲೆ ಅದು ಹುಲ್ಲುಮಣ್ಣಿನ ಹೆಂಟೆಯ ಕೆಳಗೆ ಸಿಕ್ಕಿತು. ಹೊದಿಕೆಯ ಬಂಗಾರವು ಮಾತ್ರ ಹೋಗಿತ್ತು. ಅವರಿಗೆ ಬೇಕಾದದ್ದು ಹೊಳೆಯುವ ಹೊದಿಕೆ. ಜೀವದ ಮಾತುಗಳನ್ನು ಮಣ್ಣಿಗೆ ಬಿಟ್ಟರು. ಚಿತ್ರವನ್ನು ನೋಡಿ, ಆಹಾ ಎಷ್ಟು ಚಂದ ಎಂದು ಹೇಳಿ ಎದ್ದುಹೋಗುವವನು ಆ ಕಳ್ಳರಂತೆ ಬಂಗಾರವನ್ನು ಮಾತ್ರ ಒಯ್ದನು. ಹೊದಿಕೆಯು ಹೊಳೆಯುತ್ತದೆಂದು ಬೆದರಿ ಒಳಗಿನ ಹಾಳೆಗಳನ್ನೂ ಎಸೆದುಬಿಡುವವನು ಅವರಿಗಿಂತ ಹೆಚ್ಚು ಲಾಭ ಹೊಂದಲಿಲ್ಲ.

ಆದದರಿಂದ ಸಹೋದರ ಸಹೋದರಿಯರೇ, ನಿಮ್ಮ ಮಕ್ಕಳು ಯಾವ ಚಿತ್ರವನ್ನಾದರೂ ನೋಡುವಾಗ ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕೂತುಕೊಳ್ಳಿರಿ. ಮುಗಿದ ಮೇಲೆ ಮೂರು ಮಾತುಗಳನ್ನು ಕೇಳಿರಿ: ಇದರಲ್ಲಿ ಯಾವದು ಬರೀ ಕಥೆ? ಯಾವದು ನಿಜ? ಇದನ್ನು ನೋಡಿದ ಮೇಲೆ ನಿನ್ನ ಮನಸ್ಸು ಯಾವ ಕಡೆಗೆ ತಿರುಗಿತು? ನಿಮ್ಮ ಮನೆಯ ಸತ್ಯವೇದದಲ್ಲಿ ಬಣ್ಣವಿಲ್ಲದಿರಬಹುದು. ರಟ್ಟು ಹರಿದು ನೂಲಿನಿಂದ ಹೊಲಿದದ್ದಾಗಿರಬಹುದು. ಆದರೆ ಆ ಸನ್ಯಾಸಿಗಳು ಪ್ರಾಣಭಯದಲ್ಲಿ ಹೊತ್ತುಕೊಂಡು ಓಡಿದ ಮಾತುಗಳೇ ಅದರಲ್ಲಿರುತ್ತವೆ, ಅದೂ ನಮ್ಮ ಸ್ವಂತ ಭಾಷೆಯಲ್ಲಿ. ಅದನ್ನು ತೆರೆದು, ಮತ್ತಾಯನ ಮೊದಲನೇ ಅಧ್ಯಾಯದ ಹದಿನೆಂಟನೇ ವಚನವನ್ನು ಮಗುವಿಗೆ ಬೆರಳಿಟ್ಟು ತೋರಿಸಿರಿ. ಅಷ್ಟು ಬಣ್ಣಗಳಿಂದ ಬರೆಯಲ್ಪಟ್ಟ ನಾಮವು ಇದೇ ಎಂದು ಹೇಳಿರಿ.