ಮಾರಿದ ಮೇಲೆ ಉಳಿಯುವುದು

ಎರಡು ವರ್ಷದ ಹಿಂದೆ ಊರಿನಲ್ಲಿದ್ದ ನಮ್ಮ ಖಾಲಿ ಸೈಟು ಮಾರಿದೆ. ಅಪ್ಪ ಕೊಂಡಿದ್ದ ಜಾಗ. ಮನೆ ಕಟ್ಟುವ ಯೋಗ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಬೀದಿಯ ಹುಡುಗರು ಅಲ್ಲಿ ಎರಡು ಕಂಬ ನೆಟ್ಟು, ನೆಟ್ ಕಟ್ಟಿ ವಾಲಿಬಾಲ್ ಆಡುತ್ತಿದ್ದರು. ಮೊದಲು ನನ್ನ ಓರಗೆಯವರು, ಆಮೇಲೆ ಅವರ ಮಕ್ಕಳು. ರಿಜಿಸ್ಟ್ರೇಷನ್ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೊರಟಾಗ ಆ ಬೀದಿಯ ಹಿರಿಯರೊಬ್ಬರು ಎದುರಾದರು. "ನಿನ್ ಜಾಗ, ನೀನ್ ಮಾರ್ಕೊಂಡೆ. ನಾವೇನ್ ಹೇಳಕ್ಕಾಗುತ್ತಪ್ಪಾ" ಅಂದರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆ ಮಾತು ನೆನಪಾದಾಗಲೆಲ್ಲ ನನಗೆ ಸಿರಾಕ್ಯೂಸ್ ಎಂಬ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಕಥೆ ನೆನಪಾಗುತ್ತದೆ.

ಸಿರಾಕ್ಯೂಸ್ ಇರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ನ್ಯೂಯಾರ್ಕ್ ನಗರದಿಂದ ಬಹಳ ದೂರದಲ್ಲಿ. ಒಂದು ಕಾಲಕ್ಕೆ ಉಪ್ಪು ತಯಾರಿಕೆಗೆ ಹೆಸರಾಗಿದ್ದ ಊರು. 1950ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ 20 ಸಾವಿರ. ಇಟಲಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಡ್ಯಾನಿ ಬಿಯಾಸೋನ್ ಅಲ್ಲಿ ಬೌಲಿಂಗ್ ಆಲೆ ನಡೆಸುತ್ತಿದ್ದರು. ಚೆಂಡು ಉರುಳಿಸಿ ಹತ್ತು ಮರದ ಪಿನ್ನುಗಳನ್ನು ಬೀಳಿಸುವ ಆಟದ ಜಾಗ ಅದು. 1946ರಲ್ಲಿ 5 ಸಾವಿರ ಡಾಲರ್ ಕೊಟ್ಟು ಅವರು ಒಂದು ತಂಡ ಕಟ್ಟಿದರು: ಸಿರಾಕ್ಯೂಸ್ ನ್ಯಾಷನಲ್ಸ್. ಊರಿನವರ ಬಾಯಲ್ಲಿ ಅದು 'ನ್ಯಾಟ್ಸ್'.

ಆಗ ಈ ಆಟ ಸಣ್ಣ ಊರುಗಳದ್ದೂ ಆಗಿತ್ತು. 1949ರಲ್ಲಿ ಎರಡು ಲೀಗುಗಳು ಸೇರಿ ಎನ್‌ಬಿಎ ಆದಾಗ ಅದರಲ್ಲಿ 17 ತಂಡಗಳಿದ್ದವು. ನ್ಯೂಯಾರ್ಕ್, ಬಾಸ್ಟನ್ ಜೊತೆಗೆ ಶೆಬಾಯ್ಗನ್, ವಾಟರ್‌ಲೂ, ಆಂಡರ್ಸನ್ ಎಂಬ ಪುಟ್ಟ ಊರುಗಳೂ ಇದ್ದವು. ಒಂದೇ ವರ್ಷಕ್ಕೆ ಆ ಮೂರೂ ಹೊರಬಿದ್ದವು. ನ್ಯಾಟ್ಸ್ ಉಳಿಯಿತು.

ಆದರೆ ಆಟವೇ ಸೊರಗುತ್ತಿತ್ತು. ಒಮ್ಮೆ ಮುಂದಾದ ತಂಡ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಹೊತ್ತು ಕಳೆಯುತ್ತಿತ್ತು. ಚೆಂಡು ಕಸಿಯಲು ಎದುರಾಳಿಗಳು ಬೇಕೆಂದೇ ಫೌಲ್ ಮಾಡುತ್ತಿದ್ದರು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19–18ರಿಂದ ಸೋಲಿಸಿತು. 48 ನಿಮಿಷದ ಆಟದಲ್ಲಿ ಎರಡೂ ಕಡೆ ಸೇರಿ 37 ಅಂಕ!

ಬಿಯಾಸೋನ್ ಮತ್ತು ಅವರ ತಂಡದ ಮ್ಯಾನೇಜರ್ ಲಿಯೋ ಫೆರಿಸ್ ಇದಕ್ಕೊಂದು ಲೆಕ್ಕ ಹಾಕಿದರು. ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಚೆಂಡೆಸೆಯುತ್ತವೆ. 48 ನಿಮಿಷವೆಂದರೆ 2,880 ಸೆಕೆಂಡು. 120ರಿಂದ ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಎಸೆಯಲೇಬೇಕು. 1954ರಲ್ಲಿ ಈ ನಿಯಮ ಜಾರಿಗೆ ಬಂತು. ತಂಡವೊಂದರ ಸರಾಸರಿ ಅಂಕ ಒಂದೇ ಋತುವಿನಲ್ಲಿ 79ರಿಂದ 93ಕ್ಕೆ ಏರಿತು. ಇಂದಿಗೂ ಎನ್‌ಬಿಎ ಆಡುತ್ತಿರುವುದು ಅದೇ 24 ಸೆಕೆಂಡಿನ ಗಡಿಯಾರದ ಕೆಳಗೆ.

ಆ ಋತುವಿನ ಫೈನಲ್ ಏಳನೇ ಪಂದ್ಯದವರೆಗೆ ಎಳೆಯಿತು. 1955ರ ಏಪ್ರಿಲ್ 10, ಸಿರಾಕ್ಯೂಸ್‌ನದೇ ಅಂಗಣ, ಎದುರಾಳಿ ಮತ್ತೊಂದು ಸಣ್ಣ ಊರಾದ ಫೋರ್ಟ್ ವೇನ್. ನ್ಯಾಟ್ಸ್ ಒಂದು ಹಂತದಲ್ಲಿ 17 ಅಂಕ ಹಿಂದಿತ್ತು. 12 ಸೆಕೆಂಡು ಉಳಿದಿದ್ದಾಗ ಜಾರ್ಜ್ ಕಿಂಗ್ ಫ್ರೀ ಥ್ರೋ ಹಾಕಿದರು, ಬೆನ್ನಲ್ಲೇ ಎದುರಾಳಿಯ ಕೈಯಿಂದ ಚೆಂಡನ್ನೂ ಕಸಿದರು. 92–91. ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅರ್ಲ್ ಲಾಯ್ಡ್ ಆ ತಂಡದಲ್ಲಿದ್ದರು.

ಮುಂದಿನದು ಗೊತ್ತಿರುವ ಕಥೆಯೇ. ಫೋರ್ಟ್ ವೇನ್ ತಂಡ 1957ರಲ್ಲಿ ಡೆಟ್ರಾಯಿಟ್‌ಗೆ ಹೋಯಿತು, ಅದೇ ವರ್ಷ ರಾಚೆಸ್ಟರ್ ತಂಡ ಸಿನ್ಸಿನಾಟಿಗೆ. 1960ರಲ್ಲಿ ಮಿನಿಯಾಪೊಲಿಸ್ ತಂಡ ಲಾಸ್ ಏಂಜಲೀಸ್‌ಗೆ. ಆಟ ಬೆಳೆಯಿತು, ಸಂಬಳ ಬೆಳೆಯಿತು, ಪ್ರಯಾಣ ದೇಶದ ಉದ್ದಗಲಕ್ಕೂ ಚಾಚಿತು. 1963ರಲ್ಲಿ ಬಿಯಾಸೋನ್ ತಂಡವನ್ನು ಮಾರಿದರು. ಕೊಂಡವರು ಅದನ್ನು ಫಿಲಡೆಲ್ಫಿಯಾಕ್ಕೆ ಒಯ್ದು 'ಸೆವೆಂಟಿ ಸಿಕ್ಸರ್ಸ್' ಎಂದು ಕರೆದರು. ಆಟವನ್ನು ಬದುಕಿಸಿದ ಲೆಕ್ಕ ಹುಟ್ಟಿದ್ದು ಸಿರಾಕ್ಯೂಸ್‌ನಲ್ಲಿ. ಬದುಕಿ ಬೆಳೆದ ಆಟಕ್ಕೆ ಸಿರಾಕ್ಯೂಸ್ ಸಾಲದಾಯಿತು.

ಬಿಯಾಸೋನ್ ತಪ್ಪು ಮಾಡಿದರೇ? ಕಾನೂನಿನ ಪ್ರಕಾರ ಪ್ರಶ್ನೆಯೇ ಇಲ್ಲ. ದುಡ್ಡು ಹಾಕಿದ್ದು ಅವರು, ಕೈಸುಟ್ಟುಕೊಂಡರೆ ಅವರೇ. ಚಪ್ಪಾಳೆಯಿಂದ ಆಟಗಾರರ ಸಂಬಳ ಹುಟ್ಟುವುದಿಲ್ಲ. ಪ್ರೀತಿಸಿದವರಿಗೆಲ್ಲ ಒಡೆತನವಿದೆ ಎನ್ನುವುದಾದರೆ ಯಾರೂ ಏನನ್ನೂ ಕಟ್ಟಲು ಹೋಗುವುದಿಲ್ಲ.

ಆದರೂ ಯೋಚಿಸಿ ನೋಡಿ. ಮಾರಾಟವಾದದ್ದು ಏನು? ಆಟಗಾರರು ಬೇಕಾದರೆ ಬೇರೆಡೆಯೂ ಸಿಗುತ್ತಿದ್ದರು. ಬೆಲೆ ಬಂದದ್ದು, ಹದಿನೇಳು ವರ್ಷ ಚಳಿಯಲ್ಲಿ ಟಿಕೆಟ್ ಕೊಂಡು ಬಂದ ಜನ ಅದನ್ನು 'ನಮ್ಮ ತಂಡ' ಎಂದದ್ದರಿಂದ. ಆ 'ನಮ್ಮ' ಯಾವ ಕ್ರಯಪತ್ರದಲ್ಲೂ ಇಲ್ಲ. ಇವತ್ತು ಸೆವೆಂಟಿ ಸಿಕ್ಸರ್ಸ್ ತಮ್ಮ ಮೂರು ಚಾಂಪಿಯನ್ ಪಟ್ಟಗಳಲ್ಲಿ 1955ರದನ್ನೂ ಎಣಿಸುತ್ತದೆ. ದಾಖಲೆಯ ಮಟ್ಟಿಗೆ ಅದು ಸರಿ. ಸಿರಾಕ್ಯೂಸ್‌ನಲ್ಲಿ ಆಡುತ್ತಿದ್ದ ಹ್ಯಾಲ್ ಗ್ರೀರ್, ಚೆಟ್ ವಾಕರ್ 1967ರಲ್ಲಿ ಫಿಲಡೆಲ್ಫಿಯಾಕ್ಕೂ ಪಟ್ಟ ಗೆದ್ದುಕೊಟ್ಟರು, ಎಳೆ ಕಡಿದಿಲ್ಲ. ಆದರೆ 17 ಅಂಕ ಹಿಂದಿದ್ದಾಗ ಎದ್ದುಹೋಗದೆ ಕೂತವರು ಫಿಲಡೆಲ್ಫಿಯಾದವರಲ್ಲ.

ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. ಅಮೆರಿಕನ್ ಫುಟ್‌ಬಾಲಿನ ಗ್ರೀನ್ ಬೇ ಪ್ಯಾಕರ್ಸ್ ಒಂದು ಲಕ್ಷದಷ್ಟು ಜನಸಂಖ್ಯೆಯ ಊರಿನ ತಂಡ. 1923ರಿಂದ ಅದು ಜನರದೇ ಒಡೆತನದಲ್ಲಿದೆ. ಷೇರು ಕೊಂಡವರಿಗೆ ಲಾಭಾಂಶ ಸಿಗುವುದಿಲ್ಲ. ತಂಡ ಊರು ಬಿಟ್ಟಿಲ್ಲ. ಅಲ್ಲಿ 'ನಮ್ಮ' ಎಂಬುದನ್ನು ಕಾಗದಕ್ಕೆ ಇಳಿಸಿದರು, ಅದಕ್ಕೆ ಹಣವನ್ನೂ ಕೊಟ್ಟರು. ಸಿರಾಕ್ಯೂಸ್‌ನಲ್ಲಿ ಅದು ಬರೀ ಬಾಯಿಮಾತಾಗಿತ್ತು. ನಮ್ಮ ಬೀದಿಯಲ್ಲೂ ಹಾಗೇ.

ಹಾಗಾಗಿ ನಾನು ತಲುಪಿರುವ ತೀರ್ಮಾನ ಚಿಕ್ಕದು. ಮಾರುವ ಹಕ್ಕು ಒಡೆಯನದು. ಆದರೆ ಬೇರೆಯವರ ಪ್ರೀತಿಯೂ ಸೇರಿ ಬೆಳೆದದ್ದನ್ನು ಮಾರುವಾಗ, ಆ ಹಕ್ಕಿಗೆ ಒಂದು ಕರ್ತವ್ಯ ಅಂಟಿಕೊಂಡಿರುತ್ತದೆ: ಅವರಿಗೆ ಮುಖ ತೋರಿಸುವುದು. ಬಿಯಾಸೋನ್ ತಂಡದ ಹಿಂದೆ ಹೋಗಲಿಲ್ಲ. ಅದೇ ಊರಿನಲ್ಲಿ, ಅದೇ ಬೌಲಿಂಗ್ ಆಲೆ ನಡೆಸಿಕೊಂಡು ಉಳಿದರು. ತಂಡ ಕಳೆದುಕೊಂಡ ಜನ ಅವರನ್ನು ಎಲ್ಲಿ ಬೇಕಾದರೂ ತಡೆದು ಕೇಳಬಹುದಿತ್ತು. 1992ರಲ್ಲಿ ತೀರಿಕೊಂಡರು. ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

ನಾನು ಹಾಗೆ ಮಾಡಲಿಲ್ಲ. ಬ್ರೋಕರ್ ಜೊತೆ ಫೋನಿನಲ್ಲೇ ಎಲ್ಲ ಮುಗಿಸಿದೆ. ಆಡುವ ಹುಡುಗರಿಗೆ ವಿಷಯ ತಿಳಿದದ್ದು ಜೆಸಿಬಿ ಬಂದು ಕಂಬ ಕಿತ್ತಾಗ. ಮೊದಲೇ ಹೇಳಿದ್ದರೂ ಸೈಟು ಉಳಿಯುತ್ತಿರಲಿಲ್ಲ, ದುಡ್ಡಿನ ಅಗತ್ಯ ನಿಜವಾಗಿಯೂ ಇತ್ತು. ಆದರೆ ಕಂಬಗಳನ್ನು ಅವರೇ ಬಿಚ್ಚಿ ಒಯ್ಯುತ್ತಿದ್ದರು.

ಆಮೇಲೆ ಎರಡು ಸಲ ಊರಿಗೆ ಹೋಗಿದ್ದೇನೆ, ಎರಡು ಸಲವೂ ಹಿಂದಿನ ಗಲ್ಲಿಯಿಂದ. ಮುಂದಿನ ತಿಂಗಳು ಮತ್ತೆ ಹೋಗುವುದಿದೆ. ಈ ಸಲ ಆ ಬೀದಿಯಲ್ಲೇ ನಡೆದು ಹೋಗಬೇಕು, ಆ ಹಿರಿಯರ ಮನೆ ಜಗುಲಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು.