ಮಕ್ಕಳಿಗೆ ಬೇಜಾರಾದರೆ ಆಗಲಿ

“ಅಮ್ಮಾ, ಬೇಜಾರು” ಎಂದು ಮಗು ರಾಗ ಎಳೆದ ಕೂಡಲೇ ಕೈಗೆ ಮೊಬೈಲ್ ಕೊಟ್ಟುಬಿಡುತ್ತೇವೆ. ಪ್ರಿಯ ಪೋಷಕರೇ, ಇದು ಮಗುವಿನ ಮೇಲಿನ ಪ್ರೀತಿಯೋ, ನಮ್ಮ ನೆಮ್ಮದಿಗೆ ಕಂಡುಕೊಂಡ ದಾರಿಯೋ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೆಳೆದವರಿಗೆ ಬೇಜಾರು ಹೊಸದಲ್ಲ. ರೈಲ್ವೆ ಗೇಟು ಹಾಕಿದರೆ ಗೂಡ್ಸ್ ಗಾಡಿಯ ಡಬ್ಬಿ ಎಣಿಸುವುದೊಂದೇ ಕೆಲಸ. ಅಡಿಕೆ ಸುಲಿಯುವ ರಾತ್ರಿ ದೊಡ್ಡವರ ಮಾತು ಕೇಳುತ್ತಾ ಮಕ್ಕಳು ಸುಮ್ಮನೆ ಕೂರುತ್ತಿದ್ದರು. ಅಜ್ಜಂಪುರದ ಅಮೃತಮಹಲ್ ದನಗಳು ಮೇಯುವುದನ್ನು ದಿನವೂ ನೋಡುತ್ತಾ ನಿಂತ ಹುಡುಗನಿಗೆ ಯಾವ ಹಸು ಹಾಯುತ್ತದೆ, ಯಾವುದು ಸಾಧು ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತಿತ್ತು. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಕೂಲಿಗೆ ಹೋಗುತ್ತಿದ್ದ ಮಕ್ಕಳಿಗೆ ಬೇಜಾರುಪಡಲೂ ಪುರುಸೊತ್ತಿರಲಿಲ್ಲ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಬಂದ ಮೊಬೈಲು, ಶಾಲೆ ತೆರೆದ ಮೇಲೂ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯಲ್ಲೇ ಉಳಿಯಿತು. ರೀಲ್ಸ್ ತೋರಿಸುವವರ ಗಳಿಕೆ ನಿಂತಿರುವುದೇ ನಾವು ನೋಡುವ ಹೊತ್ತಿನ ಮೇಲೆ. ಮಗು ‘ಸಾಕು’ ಎನ್ನುವುದು ಅವರಿಗೆ ನಷ್ಟ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಜಪಸರದಲ್ಲಿ 53 ಸಲ ಅದೇ ‘ನಮೋ ಮರಿಯಾ’. ಮಗು ಆಕಳಿಸುತ್ತದೆ, ನಾವೂ ಆಕಳಿಸುತ್ತೇವೆ. ಅದೇನು ಪಾಪವಲ್ಲ. ಅಲೆದ ಮನಸ್ಸನ್ನು ಮತ್ತೆ ಕರೆತರುವ ಅಭ್ಯಾಸ ಅಲ್ಲಿ ಆಗುತ್ತದೆ. ನಾಳೆ ಹಾಸಿಗೆ ಹಿಡಿದು, ಹೇಳಿದ್ದನ್ನೇ ಹೇಳುವ ನಮ್ಮ ಪಕ್ಕದಲ್ಲಿ ಕೂರಬೇಕಾದವರು ಇದೇ ಮಕ್ಕಳು.

ಬೀರೂರಿನಿಂದ ತರೀಕೆರೆಗೆ ರೈಲಿನಲ್ಲಿ ಹೋಗುವಾಗ ಒಮ್ಮೆ ಮೊಬೈಲನ್ನು ಚೀಲದಲ್ಲೇ ಇಟ್ಟು ನೋಡಿ. ಮಗು ಹತ್ತು ನಿಮಿಷ ಗೋಳಾಡೀತು, ಆಮೇಲೆ ಕಿಟಕಿಯ ಕಡೆ ತಿರುಗೀತು. ನಮ್ಮದೂ ಚೀಲದಲ್ಲೇ ಇರಬೇಕು, ಅಷ್ಟೆ.